ಎಲೆ ಸುಕ್ಕಾಗುವ ತನಕ

ಅತ್ತಿಗೆ ಕಿಟಕಿಯಲ್ಲಿದ್ದ ಕುಂಡವನ್ನೆತ್ತಿ ಕಸದ ಚೀಲಕ್ಕೆ ಹಾಕಲು ಹೋದಾಗ ಜಯಶೀಲಾ ಅಡ್ಡ ಬಂದು ಅವರ ಮಣಿಕಟ್ಟು ಹಿಡಿದಳು.

“ಇಡಿ ಅದನ್ನ.”

“ಕಳ್ಳಿ ಜಾತಿದು ಕಣೇ. ಇದನ್ನ ಮನೇಲಿಟ್ಕೊಂಡು ಏನ್ ಉದ್ಧಾರ ಆದ್ಲು ನಿಮ್ಮಕ್ಕ?”

ಜಯಶೀಲಾ ಕುಂಡವನ್ನು ಇಸಿದುಕೊಂಡು ಕಿಟಕಿಯಲ್ಲೇ ಇಟ್ಟಳು. ಅಂಗೈಯಗಲದ ಕುಂಡ, ದಪ್ಪ ಎಲೆಯ ಪುಟ್ಟ ಗಿಡ. ಕೆಳಗೆ ಚಾಪೆಯ ಮೇಲೆ ಅಕ್ಕ ಕಾತ್ಯಾಯಿನಿ ಮಲಗಿದ್ದಳು. ನಿನ್ನೆ ಸಂಜೆ ಆಫೀಸಿನಿಂದ ಬಂದು, ಕಾಫಿ ಕುಡಿದು, ಕುರ್ಚಿಗೆ ಒರಗಿದವಳು ಏಳಲೇ ಇಲ್ಲ.

ಪದ್ಮನಾಭನಗರದ ಈ ಮಹಡಿಕೋಣೆಗೆ ಅವಳು ಬಂದು ಹದಿನೆಂಟು ವರ್ಷವಾಗಿತ್ತು. ಕೈ ಮಾಡುವ ಗಂಡನನ್ನು ಬಿಟ್ಟು ಬಂದಾಗ ಅಣ್ಣ ಅನಂತಪದ್ಮನಾಭ ಜಯನಗರದ ತನ್ನ ಮನೆಯಲ್ಲೇ ಇಟ್ಟುಕೊಂಡಿದ್ದ. ಹೋಗಿಬರುವವರಿಂದೆಲ್ಲ “ಪಾಪ” ಎನ್ನಿಸಿಕೊಂಡು ಒಂದೇ ತಿಂಗಳಿಗೆ ಸಾಕಾಗಿ, ಟೈಪಿಸ್ಟ್ ಕೆಲಸ ಹಿಡಿದು ಹೊರಬಿದ್ದಿದ್ದಳು.

*

ತೊಂಬತ್ತೆಂಟರಲ್ಲಿ ಕಾತ್ಯಾಯಿನಿಗೆ ಟೈಫಾಯಿಡ್ ಆಗಿತ್ತು. ಆರೈಕೆಗೆ ಬಂದ ಜಯಶೀಲಾ ಅಕ್ಕನಿಗೆ ಗಂಜಿ ಕುಡಿಸಿದಷ್ಟೇ ಅಕ್ಕರೆಯಿಂದ ಗಿಡಕ್ಕೂ ದಿನಾ ನೀರು ಹಾಕಿದಳು. ಹತ್ತೇ ದಿನಕ್ಕೆ ಬುಡ ಕಪ್ಪಾಗಿ, ಎಲೆಗಳು ಹಳದಿಯಾಗಿ ಉದುರತೊಡಗಿದವು.

ಕಾತ್ಯಾಯಿನಿ ಹಾಸಿಗೆಯಿಂದೆದ್ದು, ಗಟ್ಟಿಯಾಗಿ ಉಳಿದಿದ್ದ ಒಂದೇ ಒಂದು ಎಲೆಯನ್ನು ಬಿಡಿಸಿ ಪೇಪರಿನ ಮೇಲೆ ಒಣಗಲಿಟ್ಟಳು. ಮೂರು ದಿನ ಕಳೆದ ಮೇಲೆ ಮರಳು ಬೆರೆಸಿದ ಮಣ್ಣಿನ ಮೇಲೆ ಅದನ್ನು ಮಲಗಿಸಿದಳು.

“ಇನ್ನು ಇದನ್ನ ಮುಟ್ಬೇಡ.”

“ನೀರಿಲ್ದೆ ಸತ್ತೋಗತ್ತಲ್ಲೇ ಅಕ್ಕ!”

“ಬಾಯಾರಿದ್ರೆ ಎಲೆ ಸುಕ್ಕಾಗತ್ತೆ, ಆಗ ಹಾಕಿದ್ರಾಯ್ತು. ಕೇಳೋಕ್ಮುಂಚೆ ಕುಡಿಸಿ ಕುಡಿಸಿ ಕೊಲ್ಬೇಡ. ನನಗೂ ನೀವೆಲ್ಲ ಹಾಗೇ ಮಾಡ್ತೀರ.”

ಜಯಶೀಲಾಗೆ ಚುರುಕ್ಕೆಂದಿತು. “ಒಬ್ಳೇ ಇದ್ದು ಬೇಜಾರಾಗಲ್ವಾ ನಿಂಗೆ?”

“ಆಗತ್ತೆ. ಮನೆ ತುಂಬ ಜನ ಇದ್ದೂ ನಿಂಗಾಗಲ್ವಾ?”

ಜಯಶೀಲಾ ತಲೆ ತಗ್ಗಿಸಿ ಗಂಜಿಯ ಪಾತ್ರೆ ತೊಳೆಯಲು ಹೋಗಿದ್ದಳು. ತಿಂಗಳಾದ ಮೇಲೆ ಆ ಎಲೆಯ ಬುಡದಲ್ಲಿ ದಾರದಂಥ ಗುಲಾಬಿ ಬೇರು ಒಡೆದಿತ್ತು.

*

“ಪಾಪ, ಒಂದು ದಿನ ಸುಖ ಕಾಣ್ಲಿಲ್ಲ,” ಎಂದು ಅನಂತಪದ್ಮನಾಭ ಬಂದವರಿಗೆ ಹೇಳುತ್ತಿದ್ದ.

“ಸುಳ್ಳು ಹೇಳ್ಬೇಡ ಅಣ್ಣ.”

ಜಯಶೀಲಾ ಕಿಟಕಿಯ ಬಳಿಯಿಂದ ಮುಂದೆ ಬಂದಳು.

“ಅವಳ ಬೀಗದ ಕೈ ಅವಳ ಹತ್ರಾನೇ ಇತ್ತು. ಮನಸ್ಸಾದ್ರೆ ಅನ್ನ ಇಡೋಳು, ಇಲ್ದಿದ್ರೆ ಅವಲಕ್ಕಿ ಕಲಸ್ಕೊಂಡು ಕಾದಂಬರಿ ಓದ್ತಾ ಕೂರೋಳು. ಹದಿನೆಂಟು ವರ್ಷ ಅವಳ ಮೇಲೆ ಯಾರೂ ಕೈಯೆತ್ತಲಿಲ್ಲ. ಪಾಪ ಅನ್ನಬೇಡಿ ಅವಳನ್ನ.”

ಗಂಡಸರು ಚಟ್ಟವನ್ನು ಕಷ್ಟಪಟ್ಟು ಕೆಳಗಿಳಿಸಿ ವ್ಯಾನಿಗೆ ಏರಿಸಿದರು. ಹಿಂದೆಯೇ ಜಯಶೀಲಾ ಸೆರಗು ಸಿಕ್ಕಿಸಿಕೊಂಡು ಹತ್ತಿದಳು.

“ಹೆಂಗಸ್ರು ಸ್ಮಶಾನಕ್ಕೆ ಬರೋ ಪದ್ಧತಿ ನಮ್ಮಲ್ಲಿಲ್ಲ. ಇಳಿ ಕೆಳಗೆ,” ಎಂದ ಅಣ್ಣ.

“ಗಂಡನ್ನ ಬಿಟ್ಟು ಬರೋ ಪದ್ಧತೀನೂ ಇರ್ಲಿಲ್ಲ. ಇವಳು ಬಂದ್ಲಲ್ಲ?” ಡ್ರೈವರ್ ಕಡೆ ತಿರುಗಿ, “ಮುನಿಯಣ್ಣ, ಗಾಡಿ ತೆಗೀರಿ,” ಎಂದಳು.

ಮುನಿಯಣ್ಣ ಒಮ್ಮೆ ಅನಂತಪದ್ಮನಾಭನ ಮುಖ ನೋಡಿದ, ಒಮ್ಮೆ ಇವಳದು. ಆಮೇಲೆ ಗೇರ್ ಹಾಕಿದ.

ಬೀದಿ ತಿರುಗುವಲ್ಲಿ ಹಂಪ್ ಬಂದು ಚಟ್ಟ ಜಾರಿತು. ಜಯಶೀಲಾ ಮಂಡಿಯೂರಿ ಎರಡೂ ತೋಳುಗಳಿಂದ ಅದನ್ನು ತಡೆದಳು. ಸೀಟಿನ ಮೇಲಿದ್ದ ಗಂಡಸರು ಒಬ್ಬೊಬ್ಬರಾಗಿ ಕಾಲು ಹಿಂದಕ್ಕೆಳೆದುಕೊಂಡು ಅವಳಿಗೆ ಜಾಗ ಬಿಟ್ಟರು.