ಅತ್ತೆಯ ಮಾತ್ರೆ ಡಬ್ಬಿ

ಟಿಪಿಎಯಿಂದ ಬಂದ ಲೋಕನಾಥ ಎಂಬವರು ಚಾವಡಿಯಲ್ಲಿ ಕುಳಿತು ಮೊದಲು ಕೇಳಿದ್ದು ನೀರು. ಆಸ್ಪತ್ರೆಗೂ ವಿಮಾ ಕಂಪನಿಗೂ ನಡುವೆ ನಿಂತು ಕ್ಲೇಮಿನ ಕಾಗದಪತ್ರ ಪರಿಶೀಲಿಸುವ ಸಂಸ್ಥೆ ಈ ಟಿಪಿಎ. ನನ್ನ ಗಂಡ ಶೋಧನ್ ತೀರಿಕೊಂಡು ಇಪ್ಪತ್ತೆರಡು ದಿನವಾಗಿತ್ತು. ಮೆದುಳಿನಲ್ಲಿ ರಕ್ತಸ್ರಾವವಾಗಿ ಮೂಡುಬಿದಿರೆಯಲ್ಲಿ ಒಂಬತ್ತು ದಿನ ಐಸಿಯುವಿನಲ್ಲಿದ್ದ. ಬಿಲ್ಲು ಕಟ್ಟಲು ನನ್ನ ಮತ್ತು ಅತ್ತೆಯ ಬಂಗಾರವನ್ನು ಬಿ.ಸಿ.ರೋಡಿನ ಸೊಸೈಟಿಯಲ್ಲಿ ಅಡವಿಟ್ಟಿದ್ದೆವು. ಕ್ಲೇಮು ಬಂದರೆ ಬಿಡಿಸಿಕೊಳ್ಳಬಹುದು.

ನಾನು ಒಳಗೆ ಚಹಾ ಮಾಡುತ್ತಿದ್ದೆ. ಲೋಕನಾಥರು ಪುತ್ತಿಗೆಯವರೆಂದು ತಿಳಿದ ಮೇಲೆ ಅತ್ತೆಯ ಧ್ವನಿ ಬದಲಾಯಿತು. ಯಾವ ಮನೆ, ತಾಯಿ ಯಾರು ಎಂದೆಲ್ಲ ವಿಚಾರಿಸಿ, ಅವರ ಚಿಕ್ಕಮ್ಮನನ್ನು ನಮ್ಮ ಕಡೆಗೇ ಕೊಟ್ಟದ್ದೆಂದು ಪತ್ತೆಹಚ್ಚಿದರು. ಆಮೇಲೆ ಅವರು ಆಫೀಸಿನವರಾಗಿ ಉಳಿಯಲಿಲ್ಲ, ನೆಂಟರಾದರು.

ಶೋಧನ್‌ಗೆ ಮೊದಲೇ ಬಿಪಿ ಇತ್ತೇ ಎಂದು ಅವರು ಕೇಳಿದರು. ನಾವು ನೋಡಿಸಿಯೇ ಇರಲಿಲ್ಲ. ಉತ್ತರಕ್ರಿಯೆಯ ದಿನ ಊಟದ ಪಂಕ್ತಿಯಲ್ಲಿ ಯಾರೋ, ಒಮ್ಮೆ ಬಿಪಿ ನೋಡಿಸು ಎಂದು ಹೇಳುವವರು ಆ ಮನೆಯಲ್ಲಿ ಇರಲಿಲ್ಲವಾ ಎಂದಿದ್ದರು. ಅತ್ತೆ ಪಕ್ಕದಲ್ಲೇ ಇದ್ದರು.

"ಮೂರು ವರ್ಷದಿಂದ ಮಾತ್ರೆ ಉಂಟು ಅವನಿಗೆ," ಎಂದರು ಅತ್ತೆ. "ಒಂದು ದಿನ ತಪ್ಪಲಿಕ್ಕೆ ಬಿಟ್ಟವಳಲ್ಲ ನಾನು. ನೀರು ಹಿಡಿದು ಎದುರೇ ನಿಲ್ತಿದ್ದೆ."

ಡಬ್ಬಿಯನ್ನೂ ತಂದು ತೋರಿಸಿದರು. ಅದು ಅತ್ತೆಯದೇ ಬಿಪಿ ಮಾತ್ರೆಯ ಡಬ್ಬಿ. ನಾನು ಚಹಾ ತರುವಾಗ ಲೋಕನಾಥರು ಫೋಟೋ ತೆಗೆದಾಗಿತ್ತು, ಅತ್ತೆ ಹೇಳಿಕೆಗೆ ಸಹಿ ಹಾಕುತ್ತಿದ್ದರು. ಚಹಾ ಇಟ್ಟು ಒಳಗೆ ಹೋದೆ. ಆ ದಿನಗಳಲ್ಲಿ ಮಾತು ಬಾಯಿಯವರೆಗೆ ಬರುತ್ತಿರಲಿಲ್ಲ.

ಎರಡು ವಾರದಲ್ಲಿ ಟಿಪಿಎಯ ಪತ್ರ ಬಂತು. ಪಾಲಿಸಿ ಮಾಡಿದ್ದು ಕಳೆದ ವರ್ಷ, ಬಿಪಿ ಮೂರು ವರ್ಷದ್ದು, ಅದನ್ನು ಮುಚ್ಚಿಟ್ಟಿದ್ದೀರಿ. ಹದಿನೈದು ದಿನದೊಳಗೆ ವಿವರಣೆ ಕೊಡದಿದ್ದರೆ ಕ್ಲೇಮು ತಿರಸ್ಕರಿಸುವಂತೆ ಕಂಪನಿಗೆ ಬರೆಯುತ್ತೇವೆ.

ಲೋಕನಾಥರಿಗೆ ಫೋನ್ ಮಾಡಿ ಇದ್ದದ್ದನ್ನು ಹೇಳಿದೆ.

"ಅವರು ಹೇಳಿದ್ದನ್ನೇ ನಾನು ಬರೆದದ್ದು ಅಕ್ಕ. ಮಾತ್ರೆ ತನ್ನದು ಅಂತ ಈಗ ಅವರೇ ಬರೆದು ಕೊಡಬೇಕು. ಡಾಕ್ಟರ ಚೀಟಿಯೂ ಬೇಕು."

ಪುಂಜಾಲಕಟ್ಟೆಯ ಡಾಕ್ಟರು ಅತ್ತೆಯ ಹೆಸರಿನ ಚೀಟಿ ಕೊಟ್ಟರು. ಪತ್ರ ನಾನು ಬರೆದೆ, ಕನ್ನಡದಲ್ಲಿ, ನಾಲ್ಕು ಸಾಲು. ಅತ್ತೆ ಕನ್ನಡಕ ಹಾಕಿ, ಬೆರಳಿಟ್ಟು ಓದಿದರು. 'ನನ್ನ ಮಗನ ಬಿಪಿಯನ್ನು ನಾವು ಒಮ್ಮೆಯೂ ನೋಡಿಸಿರಲಿಲ್ಲ' ಎಂಬಲ್ಲಿ ಬೆರಳು ನಿಂತಿತು.

"ಇದನ್ನು ಯಾರು ಓದುವುದು?"

"ಆಫೀಸಿನವರು, ಮಾಮಿ."

"ಆ ಪುತ್ತಿಗೆಯವನೂ?"

ಹೌದೆಂದೆ.

"ಹಾಗಾದರೆ ಅವನ ಚಿಕ್ಕಮ್ಮನಿಗೂ ಗೊತ್ತಾಗ್ತದೆ," ಎಂದು ಸಹಿ ಹಾಕಿದರು.

ಮರುದಿನ ಅಂಚೆ ಕಚೇರಿಗೆ ಹೋಗಿ ಬಂದಾಗ ಡಬ್ಬಿ ಮುಚ್ಚಿಯೇ ಇತ್ತು. ಅತ್ತೆ ಮಾತ್ರೆ ತೆಗೆದುಕೊಂಡಿರಲಿಲ್ಲ. ಬೇಡ ಎಂದರು. ನಾನು ಒಂದು ಮಾತ್ರೆ ಬಿಡಿಸಿ, ನೀರು ಹಿಡಿದು ಎದುರು ನಿಂತೆ. ಅವರು ಗೋಡೆ ನೋಡುತ್ತಿದ್ದರು. ಲೋಟ ಹಿಡಿದ ಕೈ ಸೋತಿತು. ಆದರೂ ನಿಂತೆ. ಕೊನೆಗೆ ಕೈ ಚಾಚಿದರು.

ಅಂದಿನಿಂದ ದಿನವೂ ನಿಲ್ಲುತ್ತೇನೆ. ಎರಡು ತಿಂಗಳ ಮೇಲೆ, ಕ್ಲೇಮು ಮಂಜೂರಾಗಿದೆ ಎಂಬ ಸಂದೇಶ ಬೆಳಿಗ್ಗೆಯೇ ಬಂತು. 'ಪ್ರಿಯ ಶೋಧನ್' ಎಂದು ಶುರುವಾಗಿತ್ತು. ಅತ್ತೆ ಮಾತ್ರೆ ನುಂಗಿ ಲೋಟ ಕೆಳಗಿಟ್ಟ ಮೇಲೆ ಹೇಳಿದೆ.