ಹನುಮಣ್ಣ ಮಾಡಿಕೊಟ್ಟ ಮಚ್ಚು

ಪಕ್ಕೀರಪ್ಪ ಕೊನೆಯ ಹೊರೆ ಜಾಲಿಮುಳ್ಳನ್ನು ಕವೆಗೋಲಿನಿಂದ ನೂಕಿ ಓಣಿಯ ಬಾಯಿಗೆ ಅಡ್ಡ ಹಾಕುವುದಕ್ಕೂ ಹಲಗೆ ಬಾರಿಸುವವರು ಗುಡಿ ತಿರುವಿನಲ್ಲಿ ಕಾಣಿಸಿಕೊಳ್ಳುವುದಕ್ಕೂ ಸರಿಹೋಯಿತು. ಎದೆಯೆತ್ತರದ ಮುಳ್ಳು. ಅದರ ಹಿಂದೆ ಅವನು ಸೊಂಟಕ್ಕೆ ಕೈಕೊಟ್ಟು ನಿಂತ. ಹಲಗೆಯ ಸದ್ದು ಅಲ್ಲಿಗೇ ನಿಂತಿತು. ಚಟ್ಟ ಹೊತ್ತ ನಾಲ್ವರೂ ಮುಗ್ಗರಿಸಿ ನಿಂತರು.

“ಈ ಹೆಣ ನನ್ನ ಓಣ್ಯಾಗ ಹಾಯಂಗಿಲ್ಲ. ಹಳ್ಳ ಸುತ್ತಿ ಒಯ್ಯಿರಿ,” ಎಂದ.

ಚಟ್ಟದ ಮೇಲಿದ್ದವನು ಕಮ್ಮಾರ ಹನುಮಣ್ಣ. ನಿನ್ನೆ ಬೆಳಿಗ್ಗೆ ಕುಲುಮೆಗೆ ಇದ್ದಿಲು ತುಂಬುತ್ತಿದ್ದಾಗ ಎದೆ ಹಿಡಿದುಕೊಂಡು ಬಿದ್ದವನು ಏಳಲಿಲ್ಲ. ಸತ್ತವರ ಬಗ್ಗೆ ಜನ ನಾಲ್ಕು ಒಳ್ಳೆಯ ಮಾತಾಡುತ್ತಾರೆ ಎನ್ನುವುದು ಬೇರೆ ಊರಿನ ವಿಷಯವಿರಬೇಕು. ಇಲ್ಲಿ ಬೆಳಿಗ್ಗೆಯಿಂದ ಒಂದೇ ಮಾತು: ಹುಡುಗರ ಕೈಗೆ ಮಚ್ಚು ಕೊಟ್ಟವನು ಹೋದ.

“ಸತ್ತಾವನ ಮ್ಯಾಲ ಎಂಥಾ ಸಿಟ್ಟೋ ಪಕ್ಕೀರಪ್ಪ? ದಾರಿ ಬಿಡು,” ಎಂದ ಎಡಗಡೆ ಹೆಗಲು ಕೊಟ್ಟಿದ್ದ ಜೋಗಪ್ಪ.

“ಸತ್ತಾವನ ಮ್ಯಾಲ ಅಷ್ಟ ಅಲ್ಲ, ಹೊತ್ತಾವನ ಮ್ಯಾಲೂ ಐತಿ. ನಿನ್ನ ಬಾಜು ಯಾವನು ನಿಂತಾನ ನೋಡು!”

ಜೋಗಪ್ಪನ ಬಾಜು ನಿಂತಿದ್ದವನು ಅಂಜಿನಿ. ಮೂರು ವರ್ಷದ ಹಿಂದೆ, ಹದಿನಾರನೆಯ ವಯಸ್ಸಿನಲ್ಲಿ, ಪಕ್ಕೀರಪ್ಪನ ಹಿರಿಯ ಮಗ ಮಂಜಣ್ಣನ ಭುಜಕ್ಕೆ ಮಚ್ಚು ಬೀಸಿದವನು. ಮಂಜಣ್ಣ ಬದುಕಿದ. ಬಲಗೈ ಮಾತ್ರ ಇಂದಿಗೂ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಇವತ್ತು ಇಷ್ಟೆಲ್ಲ ಗಲಾಟೆಯಾದರೂ ಅವನು ಮನೆಯಿಂದ ಹೊರಗೆ ಬರಲೇ ಇಲ್ಲ.

ಹೊರಗೆ ಬಂದವನು ಕಿರಿಯ ಮಗ ಭರತ್. ಅವನು ಮುಳ್ಳಿನ ಈಚೆ, ಅಂಜಿನಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಗೋಡೆಗೆ ಒರಗಿ ನಿಂತಿದ್ದ. ಹದಿನೇಳು ವರ್ಷ, ಹತ್ತನೆಯದರಲ್ಲಿ ಎರಡು ಸಲ ಫೇಲು. “ಅಣ್ಣನ ಕೈ ನೋಡಿಯೂ ಹೊಟ್ಟಿಗಿ ಅನ್ನ ಹೆಂಗ ಇಳೀತೈತಲೇ ನಿನಗ?” ಎಂದು ಅಪ್ಪ ಮೂರು ವರ್ಷದಿಂದ ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದ. ಈಗ ಅವನ ಬೆನ್ನಿಗೆ, ಅಂಗಿಯ ಒಳಗೆ, ಹೊಸ ಮಚ್ಚು ಇತ್ತು. ಅದನ್ನು ಮಾಡಿಕೊಟ್ಟವನೂ ಹನುಮಣ್ಣನೇ, ಮೊನ್ನೆ ಸಂಜೆ. ಚಟ್ಟ ಹೊತ್ತವನಿಗೆ ಕೈ ಬಿಡುವಿರುವುದಿಲ್ಲ ಎಂದು ಭರತ್‌ಗೆ ಬೆಳಿಗ್ಗೆಯೇ ಹೊಳೆದಿತ್ತು.

ಹನುಮಣ್ಣನ ಹೆಂಡತಿ ಕೊಟ್ರಬಸಮ್ಮ ಹೆಂಗಸರ ಗುಂಪನ್ನು ಸರಿಸಿ ಮುಂದೆ ಬಂದಳು. ಅತ್ತು ಅತ್ತು ದನಿ ಒಡೆದಿತ್ತು, ಆದರೆ ಜೋರು ಕಡಿಮೆಯಾಗಿರಲಿಲ್ಲ.

“ಹಳ್ಳ ಸುತ್ತಂಗಿಲ್ಲ. ನಲವತ್ತು ವರ್ಷ ಇದ ಓಣ್ಯಾಗ ತಿರುಗ್ಯಾನ. ನಿನ್ನ ಕುಂಟಿ, ನಿನ್ನ ಕುಡಗೋಲು, ನಿನ್ನ ಬಾಗಲದ ಚಿಲಕ, ಎಲ್ಲಾ ಅವನ ಕೈಯಾಗಿನ್ವು.”

“ನನ್ನ ಮಗನ್ನ ಕಡದ ಮಚ್ಚೂ ಅವನ ಕೈಯಾಗಿಂದೇ!”

“ಹೌದು,” ಎಂದಳು ಕೊಟ್ರಬಸಮ್ಮ. “ಅದೂ ಅವನ ಕೈಯಾಗಿಂದೇ.”

*

ಹನುಮಣ್ಣ ಮೊದಲಿನಿಂದ ಹೀಗಿರಲಿಲ್ಲ. ತೊಂಬತ್ತೊಂದರಲ್ಲಿ ಗಿಡ್ಡಮ್ಮ ಎಂಬವಳ ಮಗ ಬಂದು ಮಚ್ಚು ಕೇಳಿದ. ತನ್ನ ತಾಯಿಯನ್ನು ಚಿಕ್ಕಪ್ಪ ಹೊಲದಲ್ಲಿ ಕೆಡವಿ ಒದ್ದದ್ದನ್ನು ಕಂಡು ನೇರ ಕುಲುಮೆಗೆ ಬಂದಿದ್ದ. ಹನುಮಣ್ಣ ಕಪಾಳಕ್ಕೆ ಒಂದು ಬಿಟ್ಟು, “ಸಾಲಿಗಿ ಹೋಗಲೇ,” ಎಂದು ಅಟ್ಟಿದ. ಹುಡುಗ ಶಾಲೆಗೆ ಹೋಗಲಿಲ್ಲ, ಕೊಟ್ಟೂರಿನ ಸಂತೆಗೆ ಹೋದ. ಮರುದಿನ ಚಿಕ್ಕಪ್ಪ ಹೆಣವಾದ. ಜಾಮೀನಿನ ಮೇಲೆ ಬಂದ ಹುಡುಗ ಬಾವಿಗೆ ಬಿದ್ದ.

“ಹೊಡದು ಕಳಿಸಿದೆ ನೋಡು. ಒಳಗ ಕುಂದ್ರಿಸಿಕೊಂಡಿದ್ರ ಎರಡು ಜೀವ ಉಳೀತಿದ್ವು,” ಎಂದು ಹನುಮಣ್ಣ ಹೆಂಡತಿಯ ಮುಂದೆ ಅತ್ತಿದ್ದ. ಅವನು ಅತ್ತದ್ದನ್ನು ಅವಳು ಕಂಡದ್ದು ಅದೊಂದೇ ಸಲ.

ಅಲ್ಲಿಂದಾಚೆ ಮಚ್ಚು ಕೇಳಿ ಬಂದ ಯಾವ ಹುಡುಗನಿಗೂ ಅವನು ಇಲ್ಲ ಎನ್ನಲಿಲ್ಲ. “ಮಾಡ್ತೀನಿ, ತಿದಿ ಒತ್ತು,” ಎನ್ನುತ್ತಿದ್ದ. ಇವತ್ತು ಇದ್ದಿಲು ಹಸಿ, ನಾಳೆ ಕಬ್ಬಿಣ ಸರಿಯಿಲ್ಲ, ನಾಡಿದ್ದು ಹಿಡಿಗೆ ಕಟ್ಟಿಗೆ ಸಿಗಲಿಲ್ಲ. ಹುಡುಗ ಹಲ್ಲು ಕಡಿಯುತ್ತ ತಿದಿ ಒತ್ತಿ ಕುಲುಮೆಗೆ ಗಾಳಿ ಊದುತ್ತಿದ್ದ. ಮಧ್ಯಾಹ್ನ ಕೊಟ್ರಬಸಮ್ಮ ರೊಟ್ಟಿ, ಕೆಂಪು ಖಾರ ಮುಂದಿಡುತ್ತಿದ್ದಳು. ನಾಲ್ಕು ದಿನಕ್ಕೆ ಬೈಗುಳ ಮುಗಿದು ಮಾತು ಶುರುವಾಗುತ್ತಿತ್ತು, ಎಂಟು ದಿನಕ್ಕೆ ಅಳು. ಬಹಳಷ್ಟು ಹುಡುಗರು ಬಂದದ್ದು ಯಾಕೆಂಬುದನ್ನೇ ಮರೆತು ಮನೆಗೆ ಹೋದರು. ಮರೆಯದವರಿಗೆ ಮಚ್ಚು ಸಿಗುತ್ತಿತ್ತು.

ಅಂಜಿನಿ ಮರೆಯದವನು. ಬೋರಿನ ನೀರಿನ ಸಾಲಿನಲ್ಲಿ ಮಂಜಣ್ಣ ಅವನ ತಾಯಿ ಪಾಲಮ್ಮನ ಕೆನ್ನೆಗೆ ಹೊಡೆದಿದ್ದ, ಅದೂ ಊರೆಲ್ಲ ನೋಡುತ್ತಿರುವಾಗ. ಒಂಬತ್ತು ದಿನ ತಿದಿ ಒತ್ತಿದರೂ ಆ ಉರಿ ಆರಲಿಲ್ಲ. ಹತ್ತನೆಯ ದಿನ ಮಚ್ಚು ಈಸಿಕೊಂಡು ಹೋಗಿ ಬೀಸಿದ.

ಪೊಲೀಸರು ಬಂದರು, ಊರು ಹನುಮಣ್ಣನ ಕುಲುಮೆಗೆ ಕಲ್ಲು ತೂರಿತು. ಅವನು ಬಾಯಿ ಬಿಡಲಿಲ್ಲ. ಬಳ್ಳಾರಿಯ ರಿಮ್ಯಾಂಡ್ ಹೋಮಿನಲ್ಲಿದ್ದ ಅಂಜಿನಿಗೆ ಪ್ರತಿ ತಿಂಗಳು ರೊಟ್ಟಿ ಗಂಟು ಒಯ್ದ. ಬಿಡುಗಡೆಯಾದಾಗ ಕರೆತಂದು ಕೈಗೆ ಸುತ್ತಿಗೆ ಕೊಟ್ಟ. ಊರಿಗೆ ಅದು ಇನ್ನಷ್ಟು ಉರಿ ಹತ್ತಿಸಿತು.

*

“ಆ ಮಚ್ಚು ನಿನ್ನ ಮಗನ ಎಲುಬಿಗೆ ತಾಗಿ ಏನಾತು ಪಕ್ಕೀರಪ್ಪ? ಹೇಳು,” ಎಂದಳು ಕೊಟ್ರಬಸಮ್ಮ.

“ಬಾಗಿತು. ಆಂಜನೇಯಸ್ವಾಮಿ ಬಾಗ್ಸಿದ. ನಾನು ಹರಕಿ ತೀರಿಸಿ ಬಂದೀನಿ.”

“ಸ್ವಾಮಿ ಅಲ್ಲ. ಇವನು.” ಅವಳು ಚಟ್ಟದ ಕಡೆ ಕೈ ತೋರಿಸಿದಳು. “ಕಾಸಿದ ಅಲಗನ್ನ ನೀರಿಗೆ ಅದ್ದಿದ್ರ ಗಟ್ಟಿ ಆಗತೈತಿ. ಬೂದ್ಯಾಗ ಹೂತು ಆರಿಸಿದ್ರ ನೋಡಾಕಷ್ಟ ಮಚ್ಚು, ಎಲುಬಿಗಿ ತಾಗಿದ್ರ ತಗಡು. ಸಿಟ್ಟಿನ ಹುಡುಗ್ರಿಗೆ ಕೊಟ್ಟಾವೆಲ್ಲ ಬೂದ್ಯಾಗ ಆರಿಸಿದಾವು. ಗಟ್ಟಿ ಮಚ್ಚಾಗಿದ್ರ ಇವತ್ತು ನಿನ್ನ ಮಂಜಣ್ಣ ಇರ್ತಿರಲಿಲ್ಲ.”

“ಮತ್ತ ಪಂಚಾಯ್ತ್ಯಾಗ ಯಾಕ ಬಾಯಿ ಮುಚ್ಚಿಕೊಂಡಿದ್ದ?”

“ಹೇಳಿದ್ರ ಮುಂದ ಯಾವ ಹುಡುಗ ಅವನ ಕಡಿ ಬರ್ತಿದ್ದ? ಎಲ್ಲಾರೂ ಸಂತಿಗೆ ಹೋಗ್ತಿದ್ರು. ನೀವು ಉಗುಳಿದ್ದನ್ನ ಒರಸಿಕೊಂಡ, ಸುಮ್ಮನಿದ್ದ.”

ಹಿಂದಿನಿಂದ ಮುದುಕಿ ಗಿಡ್ಡಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿದಳು.

“ಹೆಣದ ಮುಂದ ಕತಿ ಕಟ್ತಾಳ!” ಪಕ್ಕೀರಪ್ಪ ಕ್ಯಾಕರಿಸಿ ಉಗಿದ.

ಭರತ್‌ನ ಮೈಯೆಲ್ಲ ಉರಿಯಿತು. ಹನ್ನೊಂದು ದಿನ! ಅಪ್ಪನಿಗೆ ಗೊತ್ತಾಗದಂತೆ ಹನ್ನೊಂದು ದಿನ ತಿದಿ ಒತ್ತಿ ಅಂಗೈ ಬೊಕ್ಕೆ ಎಬ್ಬಿಸಿಕೊಂಡದ್ದು ಒಂದು ತಗಡಿಗಾಗಿಯೇ? ಅವನು ಬೆನ್ನ ಹಿಂದಿನಿಂದ ಮಚ್ಚು ಎಳೆದು ಗೋಡೆಯ ಬದಿಯ ಎತ್ತಿನ ಗೂಟಕ್ಕೆ ಶಕ್ತಿಯೆಲ್ಲ ಹಾಕಿ ಬೀಸಿದ.

ಮಚ್ಚು ಬಾಗಲಿಲ್ಲ. ಒಣಗಿದ ಜಾಲಿಯ ಗೂಟದೊಳಗೆ ಮೂರು ಬೆರಳು ಆಳ ಇಳಿದು ನಿಂತಿತು.

ಹಲಗೆಯವರು ಹಿಂದಕ್ಕೆ ಓಡಿದರು, ಹೆಂಗಸರು ಚೀರಿದರು. ಕೊಟ್ರಬಸಮ್ಮನ ಮುಖ ಬಿಳಿಚಿತು. ಇದು ಅವಳಿಗೂ ಗೊತ್ತಿರಲಿಲ್ಲ. ಅಂಜಿನಿ ಮಾತ್ರ ನಿಂತಲ್ಲೇ ನಿಂತಿದ್ದ. ಚಟ್ಟ ಬಿಟ್ಟು ಓಡಲು ಬರುವಂತಿರಲಿಲ್ಲ. ಅವನು ಅಲಗನ್ನು ನೋಡಿದ.

“ಇದನ್ನ ನೀರಿಗೆ ಅದ್ದ್ಯಾನ,” ಎಂದ ಮೆಲ್ಲಗೆ. “ನನ್ನದನ್ನ ಅದ್ದಿರಲಿಲ್ಲ. ನೀ ಏನು ಹೇಳಿದ್ದಿ ಅವಂಗ?”

*

ಮೊದಲ ದಿನ ಹನುಮಣ್ಣ, “ಮಚ್ಚು ಯಾಕ?” ಎಂದು ಕೇಳಿದ್ದಕ್ಕೆ, “ಒಬ್ಬನ್ನ ಕಡಿಯಾಕ,” ಎಂದಿದ್ದ ಭರತ್. ಯಾರನ್ನು ಎಂದು ಕೇಳುವ ಅಗತ್ಯ ಬೀಳಲಿಲ್ಲ. ಮರುದಿನವೇ ಹನುಮಣ್ಣ ಅಂಜಿನಿಯನ್ನು ಕೆಲಸದ ನೆವ ಹೇಳಿ ತೆಲಿಗಿ ಊರಿಗೆ ಕಳಿಸಿದ್ದ. ಅಂಜಿನಿ ಮರಳಿದ್ದು ಸಾವಿನ ಸುದ್ದಿ ಕೇಳಿದ ಮೇಲೆಯೇ.

ಮೊನ್ನೆ ಸಂಜೆ ಮತ್ತೆ ಕೇಳಿದ. “ಈಗ ಹೇಳು, ಯಾಕ?”

ಭರತ್‌ಗೆ ಸಾಕಾಗಿತ್ತು. ಈ ಮುದುಕನಿಗೆ ಯಾವ ಮಾತು ಬೇಕೋ ಅದನ್ನು ಹೇಳಿದರೆ ಮಚ್ಚು ಕೈಗೆ ಬರುತ್ತದೆ ಎನ್ನಿಸಿತು.

“ಜಾಲಿ ಕಡಿಯಾಕ ಮಾವ. ಹೊಲದ ಬದುವಿನ್ಯಾಗ ಭಾಳ ಬೆಳದೈತಿ.”

ಹನುಮಣ್ಣ ಅವನನ್ನು ಬಹಳ ಹೊತ್ತು ನೋಡಿದ. ಬೂದಿಯಲ್ಲಿ ಹೂತಿದ್ದ ಅಲಗನ್ನು ಇಕ್ಕಳದಿಂದ ಹೊರಗೆಳೆದು ಮತ್ತೆ ಬೆಂಕಿಗೆ ಇಟ್ಟ. ಕೆಂಪಗಾದ ಮೇಲೆ ತೆಗೆದು ನೀರಿಗೆ ಅದ್ದಿದ. ಆವಿಯಲ್ಲಿ ಅವನ ಮುಖ ನಗುತ್ತಿತ್ತು. “ನೀ ಬಂಗಾರದಂಥಾ ಹುಡುಗ ಅದೀಯಲೇ,” ಎಂದು ಭರತ್‌ನ ತಲೆ ಸವರಿದ.

ಸುಳ್ಳು ಹೇಳಿ ಗೆದ್ದೆ ಎಂದುಕೊಂಡು ಭರತ್ ಮನೆಗೆ ಬಂದಿದ್ದ.

*

“ಕೇಳ್ತಾನಲ್ಲ, ಏನಂದಿದ್ದಿ ಹೇಳೋ ಭರತಾ,” ಎಂದಳು ಕೊಟ್ರಬಸಮ್ಮ.

ಭರತ್ ತಲೆ ಎತ್ತಿ ಹನುಮಣ್ಣನ ಕಡೆ ನೋಡಿದ. ಅವನ ಹದಿನೇಳು ವರ್ಷದಲ್ಲಿ ಅವನ ಮಾತನ್ನು ಪೂರ್ತಿ ನಂಬಿದವನು ಒಬ್ಬನೇ, ಅವನೂ ಚಟ್ಟದ ಮೇಲೆ ಮಲಗಿದ್ದ.

“ಏನ್ ಮಾರಿ ನೋಡ್ತೀಯಲೇ?” ಮುಳ್ಳಿನ ಆಚೆಯಿಂದ ಪಕ್ಕೀರಪ್ಪ ಅರಚಿದ. “ಮಚ್ಚು ಗಟ್ಟಿ ಐತಿ, ಆ ಮಗ ಎದುರಿಗೇ ಅದಾನ. ಹೊಡಿ! ಗಂಡಸಾಗಿದ್ರ ಹೊಡಿ!”

ಭರತ್ ಗೂಟಕ್ಕೆ ಕಾಲು ಕೊಟ್ಟು ಎರಡೂ ಕೈಯಿಂದ ಮಚ್ಚು ಕಿತ್ತ. ಅಂಜಿನಿಯತ್ತ ಒಂದು ಹೆಜ್ಜೆ ಇಟ್ಟ. ಅಂಜಿನಿ ಚಟ್ಟದ ಬಿದಿರನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿದ.

ಭರತ್ ಅವನನ್ನು ದಾಟಿಕೊಂಡು ಹೋದ. ಮುಳ್ಳಿನ ಮುಂದೆ ನಿಂತು ಮಚ್ಚು ಎತ್ತಿ ಮೊದಲ ಕೊಂಬೆಗೆ ಹೊಡೆದ.

“ಲೇ! ನಿನಗೇನು ತಲಿ ಕೆಟ್ಟೈತೇನಲೇ? ಬಿಡಲೇ!” ಪಕ್ಕೀರಪ್ಪ ಕವೆಗೋಲಿನಿಂದ ಮುಳ್ಳನ್ನು ಆಚೆಯಿಂದ ನೂಕಿದ. ಭರತ್ ಈಚೆಯಿಂದ ಕಡಿದ. ಕಡಿದದ್ದನ್ನು ಬರಿಗೈಯಲ್ಲಿ ಎಳೆದು ಬದಿಗೆ ಎಸೆದ. ಮುಳ್ಳು ಅಂಗಿ ಹರಿಯಿತು, ಮೊಣಕೈವರೆಗೆ ಗೀರಿತು, ರಕ್ತ ಮಚ್ಚಿನ ಹಿಡಿಯ ಮೇಲೆ ಇಳಿಯಿತು. ಅವನು ಅಳುತ್ತಿದ್ದ, ಕಡಿಯುತ್ತಲೂ ಇದ್ದ.

ಒಬ್ಬ ಮನುಷ್ಯ ಹಾಯುವಷ್ಟು ಸಂದಿ ಆಯಿತು. ಚಟ್ಟಕ್ಕೆ ಅಷ್ಟು ಸಾಲದು. ಭರತ್ ಒಮ್ಮೆ ತಿರುಗಿ ಚಟ್ಟದ ಅಗಲ ನೋಡಿಕೊಂಡು ಮತ್ತೊಂದು ಕೊಂಬೆಗೆ ಮಚ್ಚು ಎತ್ತಿದ.