ಮೈಕಡೆಗೆ ಬರುವ ಅಲಗು

ಅಕ್ಕನ ಹೆಬ್ಬೆರಳು ಸೋತಿತ್ತು. ಸೋತದ್ದು ಅದೊಂದೇ. ಕಣ್ಣು ಚುರುಕಾಗಿತ್ತು, ಸೊಂಟ ಗಟ್ಟಿಯಾಗಿತ್ತು, ಬಾಯಿಯ ಮಾತಂತೂ ಕೇಳಲೇಬೇಡಿ ಎಂದು ಭಾವ ಹೇಳುತ್ತಿದ್ದರು. ಆದರೆ ಅವಳ ಕೆಲಸವೆಲ್ಲ ನಿಂತಿದ್ದು ಆ ಬೆರಳಿನ ಮೇಲೆಯೇ. ಉಕ್ಕಿನ ತಗಡನ್ನು ಕತ್ತರಿಸಿದರೂ, ತೂತು ಕೊರೆದರೂ, ಅಂಚಿನಲ್ಲಿ ಸಣ್ಣ ಸಣ್ಣ ಮುಳ್ಳು ಎದ್ದು ನಿಲ್ಲುತ್ತದೆ. ಕಾರ್ಖಾನೆಯಲ್ಲಿ ಅದಕ್ಕೆ ಬರ್ರು ಎನ್ನುತ್ತಾರೆ. ಅದನ್ನು ಚೂರಿಯಂಥ ಅಲಗಿನಿಂದ ಕೆರೆದು, ಮಗುವಿನ ಕೆನ್ನೆಗೆ ಸವರಿದರೂ ಗೀರು ಬೀಳದಷ್ಟು ನಯ ಮಾಡುವುದು ಅಕ್ಕನ ಕೆಲಸ. ಅಲಗಿನ ಬೆನ್ನಿಗೆ ಹೆಬ್ಬೆರಳು ಒತ್ತಿಯೇ ಆ ಕೆಲಸ ಆಗಬೇಕು. ಒತ್ತಿ ಒತ್ತಿ ಅದರ ಕೀಲು ಸವೆದು, ಈಗ ಲೋಟ ಹಿಡಿದರೂ ನೋವು.

ಮೇಲ್ವಿಚಾರಕಿ ಒಳ್ಳೆಯವರು. ಬೈಯಲಿಲ್ಲ, ಪಕ್ಕಕ್ಕೆ ಕರೆದು ಹೇಳಿದರು: "ಈ ತಿಂಗಳು ನಾನು ಹೇಗೋ ಸುಧಾರಿಸ್ತೀನಿ. ಆಮೇಲೂ ಅಂಚು ಹೀಗೇ ಒರಟಾಗಿ ಬಂದ್ರೆ ನಿಮ್ಮ ಜಾಗಕ್ಕೆ ಬೇರೆಯವರು ಬರ್ತಾರೆ. ನನ್ನ ಕೈಯಲ್ಲಿ ಇನ್ನೇನೂ ಇಲ್ಲ."

"ಬಿಡು, ಮನೇಲಿ ಹಾಯಾಗಿ ಕೂತ್ಕೊ," ಎಂದರು ಭಾವ, ರಾತ್ರಿ ಊಟಕ್ಕೆ ಕೂತಾಗ ಅದನ್ನು ಕೇಳಿ.

"ಕೂತು ಏನ್ ಮಾಡ್ಲಿ? ನಿಮ್ಮ ತಲೆ ಕೆರೀಲಾ?"

"ಅಲ್ಲಿ ಕೆರೆಯೋಕೆ ಏನೂ ಉಳಿದಿಲ್ವಲ್ಲೇ," ಎಂದು ಭಾವ ಬೋಳು ತಲೆ ಸವರಿಕೊಂಡರು.

ಎದುರಿಗೆ ಕೂತಿದ್ದ ಅವಳ ತಮ್ಮ ನಕ್ಕ. ಅಕ್ಕ ನಗಲಿಲ್ಲ. ಮೇಜಿನ ಕೆಳಗೆ ಒಂದು ಕೈಯಿಂದ ಇನ್ನೊಂದು ಕೈಯ ಹೆಬ್ಬೆರಳನ್ನು ನೀವಿಕೊಳ್ಳುತ್ತಿದ್ದಳು. ಅವಳಿಗೆ ಆ ಕೆಲಸ ಬರೀ ಹೊಟ್ಟೆಪಾಡಲ್ಲ ಎಂಬುದು ಅವನಿಗೆ ಗೊತ್ತಿತ್ತು. ಬಾಗಿಲ ಚಿಲಕವಿರಲಿ, ತಟ್ಟೆಯಿರಲಿ, ಕೈಗೆ ಸಿಕ್ಕಿದ್ದರ ಅಂಚನ್ನು ಒಮ್ಮೆ ಬೆರಳಿನಿಂದ ಮಾತಾಡಿಸದೆ ಬಿಡುವವಳಲ್ಲ ಅವಳು.

ತಮ್ಮನ ಕಸುಬು ಹತ್ಯಾರ ಮಾಡುವುದು. ಬೀದಿಗೆ ಬಾಯಿಬಿಟ್ಟ ಒಂದೇ ಕೋಣೆ. ಒಂದು ಲೇತು, ಒಂದು ಸಾಣೆಕಲ್ಲು, ಗೋಡೆ ತುಂಬ ತನ್ನ ಕೈಯಾರೆ ಮಾಡಿದ ಉಳಿಗಳು, ಅರಗಳು, ಕೈಡ್ರಿಲ್ಲುಗಳು. ಅವನು ಅಕ್ಕನಿಗೆಂದು ಹೊಸದೊಂದನ್ನು ಮಾಡಿದ. ಅಂಗೈಯಲ್ಲಿ ಕೂರುವಂಥ ಅಣಬೆಯಾಕಾರದ ಮರದ ಹಿಡಿ. ತುದಿಯಲ್ಲಿ ಗಿಳಿಯ ಕೊಕ್ಕಿನಂತೆ ಬಾಗಿದ ಅಲಗು; ಅಂಚು ತಿರುಗಿದ ಹಾಗೆ ಅದೂ ತಿರುಗುತ್ತದೆ. ಬೆರಳು ಒತ್ತುವ ಮಾತೇ ಇಲ್ಲ. ಹಿಡಿಯ ಕತ್ತನ್ನು ಎರಡು ಬೆರಳ ಸಂದಿಗೆ ಸಿಕ್ಕಿಸಿದರೆ ಮುಗಿಯಿತು, ಮಿಕ್ಕಿದ್ದು ತೋಳಿನ ಕೆಲಸ.

ಅಕ್ಕ ಅಂಗಡಿಯ ನೆಲದ ಮೇಲೆ ಕೂತು, ತಗಡನ್ನು ಎರಡು ಪಾದಗಳ ನಡುವೆ ಇಟ್ಟುಕೊಂಡು ಕೆರೆದು ನೋಡಿದಳು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬರ್ರು ಸುರುಳಿ ಸುರುಳಿಯಾಗಿ ಎದ್ದು ಬಂತು. ಅವಳು ಗುನುಗತೊಡಗಿದಳು. ಅಪ್ಪ ಹೀಗೆಯೇ ನೆಲದ ಮೇಲೆ ಕೂತು, ದೇವರ ಪದ ಹೇಳುತ್ತ ಕೆಲಸ ಮಾಡುತ್ತಿದ್ದ. ಪದದ ಒಂದು ಸಾಲಿಗೆ ಒಂದು ಎಳೆತ. ಸಾಲು ಮುಗಿಯುವ ತನಕ ಕೈ ನಿಲ್ಲಬಾರದು. ಇಬ್ಬರಿಗೂ ಪದ ಬಂದದ್ದೂ ಕೆಲಸ ಬಂದದ್ದೂ ಒಟ್ಟಿಗೇ.

"ನೋವು?" ಎಂದು ಕೇಳಿದ ತಮ್ಮ.

"ನೆನಪೇ ಆಗ್ಲಿಲ್ಲ ನೋಡು," ಎಂದಳು ಅಕ್ಕ.

ಅದನ್ನು ಕಾರ್ಖಾನೆಗೆ ಒಯ್ದವಳು ಸಂಜೆ ಬಾಡಿದ ಮುಖ ಹೊತ್ತು ಬಂದಳು. ಅಲಗು ಅಂಚಿನ ಮೇಲೆ ಕುಪ್ಪಳಿಸಿತಂತೆ, ಅಲ್ಲಲ್ಲಿ ಕಚ್ಚಿತಂತೆ, ತಗಡು ಅಲೆ ಅಲೆಯಾಯಿತಂತೆ. ಮೇಲ್ವಿಚಾರಕಿ ಅದನ್ನು ಎತ್ತಿ ಗುಜರಿ ರಾಶಿಗೆ ಹಾಕಿ ಹೋದರಂತೆ.

ತಮ್ಮನಿಗೆ ಮುಖಕ್ಕೆ ಹೊಡೆದ ಹಾಗಾಯಿತು. "ನೀನು ಸರಿಯಾಗಿ ಹಿಡಿದಿರಲ್ಲ," ಎಂದುಬಿಟ್ಟ.

"ಹೌದಪ್ಪ. ನಿನ್ನ ಹತ್ಯಾರದ್ದು ಏನೂ ತಪ್ಪಿಲ್ಲ, ನನ್ನ ಕೈಯದ್ದೇ ತಪ್ಪು. ಎಲ್ರೂ ಹೇಳಿದ್ದಾಯ್ತು, ನೀನೊಬ್ಬ ಬಾಕಿ ಇದ್ದೆ."

ಅವನು ತಲೆ ತಗ್ಗಿಸಿದ. ಮಾತು ಬದಲಿಸಬೇಕೆಂದೋ ಏನೋ ಭಾವ ನಡುವೆ ಬಾಯಿ ಹಾಕಿದರು: "ಅಪ್ಪನ ಮಕ್ಕಳು ನೀವು. ಕುಂಡಿ ನೆಲಕ್ಕೆ ತಾಗದಿದ್ರೆ ನಿಮ್ಮಿಬ್ಬರಿಗೂ ಕೈಯೇ ಓಡಲ್ಲ ಬಿಡಿ."

ಭಾವನದು ತಮಾಷೆ. ತಮ್ಮ ಮಾತ್ರ ನಗದೆ ಅಕ್ಕನ ಕಡೆ ತಿರುಗಿದ. "ಅಕ್ಕ, ಅಲ್ಲಿ ನೀನು ನಿಂತು ಮಾಡ್ತೀಯಲ್ಲ? ಹೇಗೆ ಅಂತ ಒಂದ್ಸಲ ತೋರಿಸು."

ಅಕ್ಕ ಅಡಿಗೆಕಟ್ಟೆಯ ಮುಂದೆ ನಿಂತಳು. ಒಂದು ತಗಡಿನ ಚೂರನ್ನು ಕಟ್ಟೆಗೆ ಒತ್ತಿ ಹಿಡಿದು, ಅಲಗನ್ನು ಅಂಚಿಗಿಟ್ಟು, ಆಚೆಗೆ ತಳ್ಳಿದಳು.

"ಯಾಕೆ ತಳ್ತೀಯ? ಇದನ್ನ ಎಳೀಬೇಕು."

"ಅಲ್ಲಿ ಎಳೆಯೋ ಹಾಗಿಲ್ಲ ಕಣೋ. ಅಲಗು ಯಾವತ್ತೂ ಮೈಯಿಂದ ಆಚೆಗೇ ಹೋಗ್ಬೇಕು, ನಿಯಮ. ಹಿಂದೆ ಒಬ್ಬಳಿಗೆ ಮಣಿಕಟ್ಟು ಕುಯ್ದು ಹೋಗಿತ್ತು."

"ಮತ್ತೆ ಮೊನ್ನೆ ಅಂಗಡೀಲಿ ಎಳೆದೆ?"

"ಎಳೆದೆನಾ?" ಅಕ್ಕ ತನ್ನ ಕೈಯನ್ನು ಬೇರೆ ಯಾರದೋ ಕೈ ನೋಡುವಂತೆ ನೋಡಿದಳು.

ಎಳೆದಿದ್ದಳು. ನೆಲದ ಮೇಲೆ ಕೂತೊಡನೆ ಅವಳ ಕೈ ಅಪ್ಪನ ಕೈ ಆಗಿತ್ತು. ಅವಳಿಗೂ ಅದು ತಿಳಿಯಲಿಲ್ಲ, ಎದುರಿಗೇ ಕೂತಿದ್ದ ತಮ್ಮನಿಗೂ ತಿಳಿಯಲಿಲ್ಲ. ಏಕೆಂದರೆ ಅವನ ಕಣ್ಣಿಗೆ ಕೆಲಸವೆಂದರೆ ಹಾಗೆಯೇ ಇರುತ್ತದೆ. ಅಕ್ಕ ಹಗಲೆಲ್ಲ ನಿಲ್ಲುವ ಜಾಗವನ್ನು ಅವನು ಒಮ್ಮೆಯೂ ಹೋಗಿ ನೋಡಿರಲಿಲ್ಲ. ಯಾರದೋ ಕಾಲಿಗೆ ತನ್ನ ಪಾದದ ಅಳತೆಯ ಚಪ್ಪಲಿ ಹೊಲಿದ ಹಾಗಾಗಿತ್ತು.

ಅಲಗನ್ನು ತಿರುಗಿಸಿಟ್ಟರೆ ತಳ್ಳಬಹುದು. ಆದರೆ ತಳ್ಳಬೇಕೆಂದರೆ ಹಿಂದೆ ಹೆಬ್ಬೆರಳು ಬೇಕೇ ಬೇಕು, ಅದು ಅಕ್ಕನಿಂದಾಗದು. ಎಳೆಯೋಣವೆಂದರೆ ನಿಯಮ ಬಿಡದು. ನಿಯಮವನ್ನು ಬೈಯಲು ಅವನಿಗೆ ಮನಸ್ಸು ಬರಲಿಲ್ಲ. ಯಾರದೋ ನೆತ್ತರು ಬಿದ್ದ ಮೇಲೆ ಹುಟ್ಟಿದ ಮಾತು ಅದು.

ಕೆಲವು ದಿನ ಅವನು ಸಾಣೆಕಲ್ಲಿನ ಮುಂದೆ ಸುಮ್ಮನೆ ಕೂತ. ಅಲಗೆಂದರೆ ಹೊಳೆಯಬೇಕು, ಕಂಡವರು ಒಂದು ಹೆಜ್ಜೆ ಹಿಂದೆ ಸರಿಯಬೇಕು ಎಂಬುದು ಅವನ ಹೆಮ್ಮೆ. ಕೊನೆಗೆ ಬಿಡಬೇಕಾದ್ದು ಆ ಹೆಮ್ಮೆಯನ್ನೇ ಎಂದು ಹೊಳೆಯಿತು. ಮೊಂಡು ಉಕ್ಕಿನ ಎರಡು ತುಟಿ ಮಾಡಿದ, ನಡುವೆ ತಗಡು ಹಿಡಿಸುವಷ್ಟೇ ಸೀಳು. ಬೆರಳು ತಲುಪದ ಆಳದಲ್ಲಿ, ಎದುರುಬದುರಾಗಿ ಎರಡು ಪುಟ್ಟ ಅಲಗು ಕೂರಿಸಿದ. ಅಂಚು ಒಳಗೆ ಹೋದರೆ ಎರಡು ಕಡೆಯ ಬರ್ರೂ ಒಮ್ಮೆಗೇ ಹೋಗುತ್ತದೆ. ಹಿಡಿ ಮಾತ್ರ ಅದೇ ಅಣಬೆ. ಹೊರಗಿನಿಂದ ನೋಡಿದರೆ ಮಕ್ಕಳ ಆಟಿಕೆ.

ಈ ಸಲ ಅವನೇ ಅಕ್ಕನ ಜೊತೆ ಕಾರ್ಖಾನೆಗೆ ಹೋದ. ಎದೆಮಟ್ಟದ ಮೇಜು, ಅದರ ಮೇಲೆ ತಗಡನ್ನು ಕಚ್ಚಿ ಹಿಡಿದ ವೈಸು, ಪಕ್ಕದಲ್ಲಿ ಡ್ರಿಲ್ ಮೆಷಿನ್ನಿನ ಗದ್ದಲ. ಅಕ್ಕ ನಿಲ್ಲುವಲ್ಲಿ ಸಿಮೆಂಟು ನುಣುಪಾಗಿತ್ತು.

"ಎಳೆಯೋದು ಆಗಲ್ಲ, ಇಲ್ಲಿನ ನಿಯಮ ನಿಮ್ಮಕ್ಕಂಗೆ ಗೊತ್ತು," ಎಂದರು ಮೇಲ್ವಿಚಾರಕಿ.

"ಇದರೊಳಗೆ ಒಮ್ಮೆ ಬೆರಳು ಹಾಕಿ ನೋಡಿ, ಮೇಡಂ."

"ನೀವು ಮಾಡಿದ್ದು, ಮೊದಲು ನಿಮ್ಮದು ಹಾಕಿ."

ಅವನು ಹಾಕಿ ತೆಗೆದು ತೋರಿಸಿದ. ಅವರೂ ಹಾಕಿದರು, ಅಂಗೈ, ಮಣಿಕಟ್ಟು ಎಲ್ಲವನ್ನೂ ಸೀಳಿಗೆ ಉಜ್ಜಿ ನೋಡಿದರು. ಆಮೇಲೆ ತಗಡಿಗೆ ಸಿಕ್ಕಿಸಿ ಮೈಕಡೆಗೆ ಎಳೆದರು. ಅರ್ಧ ದಾರಿಯಲ್ಲಿ ಕೈ ನಿಂತಿತು. ಕಾಲು ತಾನಾಗಿಯೇ ಹಿಂದೆ ಸರಿಯಿತು.

"ತಲೆಗೆ ಗೊತ್ತಾಗಿದೆ," ಎಂದು ನಕ್ಕರು, "ಮೈಗೆ ಇನ್ನೂ ಗೊತ್ತಾಗಿಲ್ಲ."

ಮತ್ತೊಮ್ಮೆ ಎಳೆದರು, ಈ ಸಲ ಕೊನೆಯ ತನಕ. ಅಂಚಿನ ಮೇಲೆ ಉಗುರು ಹಾಯಿಸಿದರು, ತಿರುಗಿಸಿ ಇನ್ನೊಂದು ಕಡೆಯೂ ಹಾಯಿಸಿದರು. "ತೂತಿಗೆ?"

"ತೂತಿಗೆ ಇದು ಆಗಲ್ಲ," ಎಂದ ತಮ್ಮ. ಸುಳ್ಳು ಹೇಳಿ ಅಕ್ಕನನ್ನು ಉಳಿಸಿಕೊಳ್ಳುವುದು ಅವನಿಂದಾಗಲಿಲ್ಲ. ಅಕ್ಕ ಕಿಟಕಿಯ ಕಡೆ ನೋಡಿದಳು.

ಮೇಲ್ವಿಚಾರಕಿ ಡ್ರಿಲ್ ಮೆಷಿನ್ನಿನ ಕಡೆ ತಿರುಗಿ ನೋಡಿದರು. "ಕೊರೆಯೋರೇ ತಮ್ಮ ತಮ್ಮ ತೂತು ಕೆರ್ಕೊಳ್ಳಲಿ. ಗೊಣಗ್ತಾರೆ, ಗೊಣಗಲಿ. ಅಂಚೆಲ್ಲ ನಿಮ್ಮಕ್ಕಂದು. ಎಳೆಯೋದು ಮಾತ್ರ ಇದೊಂದರಲ್ಲೇ, ಬೇರೆ ಯಾವುದರಲ್ಲೂ ಇಲ್ಲ. ಆಯ್ತಾ?"

ಅಕ್ಕ ಆಗಲೇ ಮೇಜಿನ ಮುಂದೆ ನಿಂತಿದ್ದಳು. ವೈಸು ಬಿಚ್ಚಿ, ರಾಶಿಯಿಂದ ಇನ್ನೊಂದು ತಗಡು ತೆಗೆದು ಬಿಗಿದಳು. ಹಿಡಿಯನ್ನು ಅಂಗೈಗೆ ಕೂರಿಸಿಕೊಂಡು ಎಳೆಯಲು ಹೊರಟವಳು ತಲೆ ಎತ್ತಿ ತಮ್ಮನನ್ನು ನೋಡಿದಳು.

"ಬೆಳಕಿಗೆ ಅಡ್ಡ ನಿಂತಿದ್ದೀಯ ಕಣೋ," ಎಂದಳು. "ಆಚೆ ಸರಿ."